ಇವನು ಯಾವ ಕಡೆಯಿಂದ ಬರುತ್ತಾನೆ, ಮೇಡಂ?

ಮಾನ್ಯ ಶಿಕ್ಷಣ ಸಚಿವರಿಗೆ ಹಾಗೂ ಪದವಿ ಪೂರ್ವ ತರಗತಿಗಳ ಪಠ್ಯ, ಪರೀಕ್ಷೆಗಳನ್ನು ರೂಪಿಸುವ ಎಲ್ಲರಿಗೂ ನಮಸ್ಕಾರಗಳು.

ವಿಷಯ: ಪಿಯುಸಿಯಲ್ಲಿ ನಾಟಕವನ್ನು ಐಚ್ಛಿಕ ವಿಷಯವಾಗಿ ಆರಂಭಿಸುವ ಕುರಿತು.

ಅರ್ಜಿಯ ಪದ್ಧತಿಯಂತೆ ‘ವಿಷಯ’ವನ್ನು ಮೇಲೆಯೇ ಬರೆದಿದ್ದೇನೆ. ‘ಉಲ್ಲೇಖ’ ಎಂಬ ಸಾಲನ್ನು ಬಿಟ್ಟಿದ್ದೇನೆ. ಉಲ್ಲೇಖಿಸಲು ಯಾವ ಸುತ್ತೋಲೆಯೂ ನನ್ನ ಬಳಿ ಇಲ್ಲ. ನಾನು ತುಮಕೂರು ಜಿಲ್ಲೆಯ ಸರ್ಕಾರಿ ಪದವಿ ಪೂರ್ವ ಕಾಲೇಜೊಂದರಲ್ಲಿ ಕನ್ನಡ ಉಪನ್ಯಾಸಕಿ. ನನ್ನ ಬಳಿ ಇರುವುದು ಹದಿನಾರು ವರ್ಷದ ಪಾಠ, ಮತ್ತು ಒಬ್ಬ ಹುಡುಗ ಕೇಳಿದ ಒಂದು ಪ್ರಶ್ನೆ.

ಪ್ರಥಮ ಪಿಯುಸಿಗೆ ಚಂದ್ರಶೇಖರ ಕಂಬಾರರ ‘ಬೋಳೇಶಂಕರ’ ನಾಟಕವನ್ನು ಆ ಹೊತ್ತಿಗೆ ನಾಲ್ಕು ವರ್ಷ ಪಾಠ ಮಾಡಿದ್ದೆ. ಸಾರಾಂಶ ಹೇಳಿದ್ದೆ, ಪಾತ್ರ ಪರಿಚಯ ಬರೆಸಿದ್ದೆ, ಸಂದರ್ಭ ಸೂಚಿಸಿ ಸ್ವಾರಸ್ಯ ವಿವರಿಸುವ ಉತ್ತರಗಳನ್ನು ಉರು ಹೊಡೆಸಿದ್ದೆ. ಐದನೆಯ ವರ್ಷ ಒಂದು ಮಧ್ಯಾಹ್ನ, ಊಟದ ನಂತರದ ತರಗತಿ, ಕರೆಂಟು ಹೋಗಿ ಫ್ಯಾನು ನಿಂತಿತ್ತು. ಮಕ್ಕಳು ಒಬ್ಬೊಬ್ಬರಾಗಿ ತೂಕಡಿಸತೊಡಗಿದರು. ನಿದ್ದೆ ಓಡಿಸಲಿಕ್ಕೆಂದು ಮೂವರನ್ನು ಎಬ್ಬಿಸಿ, ಮುಂದೆ ಬಂದು ಒಂದು ದೃಶ್ಯ ಓದಿ ಎಂದೆ. ಅವರಲ್ಲಿ ಒಬ್ಬ ಕೊನೆಯ ಬೆಂಚಿನವನು. ಹಾಜರಿ ಕೂಗಿದಾಗ ಬಿಟ್ಟರೆ ಬಾಯಿ ಬಿಚ್ಚಿದವನಲ್ಲ. ಪುಸ್ತಕ ಕೈಗೆ ತೆಗೆದುಕೊಂಡವನು ಓದಲಿಲ್ಲ. ಕೋಣೆಯ ಎರಡೂ ತುದಿಗಳನ್ನು ಒಮ್ಮೆ ನೋಡಿ, “ಇವನು ಯಾವ ಕಡೆಯಿಂದ ಬರುತ್ತಾನೆ, ಮೇಡಂ?” ಎಂದ.

ನಾನು ಪುಸ್ತಕ ನೋಡಿದೆ. ‘ಪ್ರವೇಶ’ ಎಂದಷ್ಟೇ ಇತ್ತು. ನಾಲ್ಕು ವರ್ಷ ಆ ಪದವನ್ನು ದಾಟಿ ಹೋಗಿದ್ದೆ.

“ನೀನೇ ಹೇಳು” ಎಂದೆ. ಅವನು ಸೀಮೆಸುಣ್ಣ ತೆಗೆದುಕೊಂಡು ನೆಲದ ಮೇಲೆ ಎರಡು ಗೆರೆ ಎಳೆದ. ಮುಂದಿನ ಬೆಂಚನ್ನು ಓರೆಯಾಗಿ ಸರಿಸಿದ. ಜೊತೆಗಿದ್ದವನ ಹೆಗಲು ಹಿಡಿದು ಅರ್ಧ ತಿರುಗಿಸಿ, “ಹೀಗೆ ನಿಂತರೆ ಜನಕ್ಕೆ ನಿನ್ನ ಬೆನ್ನು ಕಾಣುತ್ತದೆ. ಮಾತು ಮುಗಿದ ಮೇಲೆ ತಿರುಗು. ನಡುವೆ ತಿರುಗಿದರೆ ಮಾತು ಗೋಡೆಗೆ ಹೋಗುತ್ತದೆ” ಎಂದ. ಮೂರನೆಯವಳಿಗೆ ಆ ಪುಟದಲ್ಲಿ ಮಾತೇ ಇರಲಿಲ್ಲ. ಕೈ ಕಟ್ಟಿಕೊಂಡು ನಿಂತಿದ್ದಳು. “ನೀನು ಸುಮ್ಮನೆ ನಿಂತರೆ ಜನ ನಿನ್ನನ್ನೇ ನೋಡುತ್ತಾರೆ. ಏನಾದರೂ ಕೆಲಸ ಇಟ್ಟುಕೋ” ಎಂದ. ಅವಳು ಒಂದು ಕ್ಷಣ ಯೋಚಿಸಿ ನೆಲಕ್ಕೆ ಕೂತು, ಇಲ್ಲದ ಮೊರದಲ್ಲಿ ಇಲ್ಲದ ಅವರೆಕಾಯಿ ಸುಲಿಯತೊಡಗಿದಳು. ಎದುರಿನವನ ಮಾತು ಬಿರುಸಾದಾಗ ಅವಳ ಬೆರಳುಗಳು ತಾವಾಗಿಯೇ ನಿಂತವು. ತರಗತಿಯಲ್ಲಿ ಯಾರೂ ತೂಕಡಿಸುತ್ತಿರಲಿಲ್ಲ. ಪಕ್ಕದ ಕೋಣೆಯ ಸಹೋದ್ಯೋಗಿ ಬಂದು ಗಲಾಟೆ ಎಂದು ಆಕ್ಷೇಪಿಸಿ ಹೋದರು, ಅದು ಬೇರೆ ಮಾತು.

ಆ ಹುಡುಗನಿಗೆ ಇದೆಲ್ಲ ಎಲ್ಲಿಂದ ಬಂತು ಎಂದು ಆಮೇಲೆ ವಿಚಾರಿಸಿದೆ. ನಮ್ಮ ಕಡೆಯ ಊರುಗಳಲ್ಲಿ ಹಬ್ಬಕ್ಕೋ ಜಾತ್ರೆಗೋ ಕುರುಕ್ಷೇತ್ರ ನಾಟಕ ಕಟ್ಟುವುದನ್ನು ನೀವೂ ನೋಡಿರುತ್ತೀರಿ. ಹಾರ್ಮೋನಿಯಂ ಹಿಡಿದು ಬಂದ ನಾಟಕದ ಮೇಷ್ಟ್ರು ಎರಡು ಮೂರು ತಿಂಗಳು ರಾತ್ರಿ ರಾತ್ರಿ ಅಭ್ಯಾಸ ಮಾಡಿಸುತ್ತಾರೆ. ಪಾತ್ರ ಬೇಕಾದವರು ಕೈಯಿಂದ ದುಡ್ಡು ಕೊಟ್ಟು ಪಾತ್ರ ಪಡೆಯುತ್ತಾರೆ. ದುರ್ಯೋಧನನಿಗೆ, ಕೃಷ್ಣನಿಗೆ ಹೆಚ್ಚು, ದ್ವಾರಪಾಲಕನಿಗೆ ಕಡಿಮೆ. ಸೀನರಿ, ಲೈಟು, ಮೈಕು, ಸ್ತ್ರೀ ಪಾತ್ರಕ್ಕೆ ಹೊರಗಿನಿಂದ ಬರುವ ಕಲಾವಿದೆಯರ ಸಂಭಾವನೆ ಎಲ್ಲ ಆ ಹಣದಲ್ಲೇ ನಡೆಯಬೇಕು. ಈ ಹುಡುಗನ ತಂದೆ ಆ ವರ್ಷ ಶಕುನಿ. ಅಪ್ಪನ ಜೊತೆ ಅಭ್ಯಾಸಕ್ಕೆ ಹೋಗುತ್ತಿದ್ದವನು ಮೇಷ್ಟ್ರ ಪಕ್ಕದಲ್ಲಿ ಪುಸ್ತಕ ಹಿಡಿದು ಕೂತು, ಮಾತು ಮರೆತವರಿಗೆ ಎತ್ತಿಕೊಡುತ್ತಿದ್ದ. ಬೆಳಗಿನ ಜಾವದ ತನಕ ನಡೆಯುವ ಇಡೀ ನಾಟಕ, ಎಲ್ಲರ ಮಾತು, ಎಲ್ಲ ಕಂದಪದ್ಯ ಅವನಿಗೆ ಕಂಠಪಾಠ. ಆ ವರ್ಷದ ಕನ್ನಡ ಪರೀಕ್ಷೆಯಲ್ಲಿ ಅವನಿಗೆ ಬಂದದ್ದು ನಲವತ್ತೊಂದು. ತಿದ್ದಿದವಳು ನಾನೇ. ಪ್ರಶ್ನೆಪತ್ರಿಕೆ ಕೇಳಿದ್ದು ಈ ಮಾತನ್ನು ಯಾರು ಯಾರಿಗೆ ಹೇಳಿದರು ಎಂದು. ಹೇಳುವಾಗ ಅವನು ಎಲ್ಲಿ ನಿಂತಿದ್ದ, ಕೇಳುವವಳ ಕೈಯಲ್ಲಿ ಏನಿತ್ತು ಎಂದು ಕೇಳಿದ್ದರೆ ತರಗತಿಗೇ ಮೊದಲಿಗನಾಗುತ್ತಿದ್ದ.

ನಾಟಕದ ಪರವಾಗಿ ವಾದಿಸುವವರು ಸಾಮಾನ್ಯವಾಗಿ ಒಂದು ಪಲ್ಲವಿ ಹಾಡುತ್ತಾರೆ: ಸಭಾಕಂಪನ ಹೋಗುತ್ತದೆ, ಆತ್ಮವಿಶ್ವಾಸ ಬರುತ್ತದೆ, ವ್ಯಕ್ತಿತ್ವ ವಿಕಸನವಾಗುತ್ತದೆ. ನನಗೆ ಈ ವಾದ ಸ್ವಲ್ಪವೂ ಹಿಡಿಸುವುದಿಲ್ಲ. ರಸಾಯನಶಾಸ್ತ್ರ ಓದಿದರೆ ಅಡುಗೆ ಚೆನ್ನಾಗಿ ಬರುತ್ತದೆ ಎಂದು ಯಾರಾದರೂ ಅದನ್ನು ಪಠ್ಯಕ್ಕೆ ಸೇರಿಸಿದ್ದಾರೆಯೇ? ನಾಟಕ ಒಂದು ವಿದ್ಯೆ. ಅದಕ್ಕೆ ವ್ಯಾಕರಣವಿದೆ, ಚರಿತ್ರೆಯಿದೆ, ಲೆಕ್ಕಾಚಾರವಿದೆ. ಸರಿ ತಪ್ಪು ಇದೆ. ನಾನು ಕೇಳುತ್ತಿರುವುದು ಮಕ್ಕಳು ನಪಾಸಾಗಲೂಬಹುದಾದ ಒಂದು ವಿಷಯವನ್ನು. ಈಗ ನಾಟಕ ಇರುವ ಕಡೆಗಳಲ್ಲೆಲ್ಲ ಅದಕ್ಕೆ ಬಹುಮಾನ ಉಂಟು, ಅಂಕವಿಲ್ಲ. ಪ್ರತಿಭಾ ಕಾರಂಜಿಯ ಏಕಪಾತ್ರಾಭಿನಯಕ್ಕೆ ಒಂದು ಪ್ರಮಾಣಪತ್ರ, ವಿಜ್ಞಾನ ನಾಟಕ ಸ್ಪರ್ಧೆಗೆ ಒಂದು ಫಲಕ. ಇನ್ನು ಕಾಲೇಜು ವಾರ್ಷಿಕೋತ್ಸವ. ಅಲ್ಲಿ ಹನ್ನೆರಡು ಸಿನಿಮಾ ಹಾಡುಗಳ ಕುಣಿತ ಮುಗಿದು, ಅತಿಥಿಗಳು ಕಾರು ಹತ್ತಿ, ಶಾಮಿಯಾನದವನು ಕುರ್ಚಿ ಎತ್ತಿಡಲು ಶುರು ಮಾಡಿದ ಮೇಲೆ ನಾಟಕಕ್ಕೆ ಹದಿನೈದು ನಿಮಿಷ ಸಿಗುತ್ತದೆ.

ಗುಬ್ಬಿ ನಮ್ಮ ಜಿಲ್ಲೆಯದೇ. 1884ರಲ್ಲಿ ಅಲ್ಲಿ ಹುಟ್ಟಿದ ನಾಟಕ ಸಂಘಕ್ಕೆ ವೀರಣ್ಣನವರು ಸೇರಿದ್ದು ಎಳೆಯ ಬಾಲಕನಾಗಿ. ಬಂಟ್ವಾಳ ಕಡೆಯ ಮಂಚಿಯ ಹುಡುಗ ಬಿ.ವಿ. ಕಾರಂತರು ಮನೆ ಬಿಟ್ಟು ಓಡಿಬಂದು ಸೇರಿಕೊಂಡದ್ದೂ ಆ ಕಂಪನಿಯನ್ನೇ. ಮುತ್ತುರಾಜ ಎಂಬ ಹುಡುಗ, ಮುಂದೆ ರಾಜ್‌ಕುಮಾರ್ ಆದವರು, ಪ್ರಾಥಮಿಕ ಶಾಲೆಯಲ್ಲೇ ಓದು ಬಿಟ್ಟು ತಂದೆಯ ಹಿಂದೆ ಕಂಪನಿಗೆ ನಡೆದರು. ಅಂದು ನಾಟಕ ಕಲಿಯುವವರು ಶಾಲೆ ಬಿಡಬೇಕಿತ್ತು, ಎಷ್ಟೋ ಸಲ ಮನೆಯನ್ನೂ. ಆದರೆ ಕಾರಂತರನ್ನು ಕಾಶಿಗೆ ಕಳಿಸಿ ಎಂ.ಎ. ಓದಿಸಿದವರು ಇದೇ ವೀರಣ್ಣನವರು. ಕಂಪನಿಯ ಯಜಮಾನರೊಬ್ಬರಿಗೆ ತಮ್ಮ ಹುಡುಗನ ಓದಿನ ಬಗ್ಗೆ ಇದ್ದ ಕಾಳಜಿ, ನಮ್ಮ ಶಾಲೆಗಳಿಗೆ ತಮ್ಮ ಹುಡುಗರ ನಟನೆಯ ಬಗ್ಗೆ ಇನ್ನೂ ಹುಟ್ಟಿಲ್ಲ.

ಆಮೇಲೆ ಬಂದ ಸಂಸ್ಥೆಗಳಿಗೆ ಕೊರತೆಯಿಲ್ಲ. ಹೆಗ್ಗೋಡಿನ ನೀನಾಸಮ್ 1949ರದು, ಅದರ ರಂಗಶಿಕ್ಷಣ ಕೇಂದ್ರ 1980ರದು. ಮೈಸೂರಿನ ರಂಗಾಯಣ 1989ರಲ್ಲಿ ಆರಂಭವಾಯಿತು. ಸಾಣೇಹಳ್ಳಿಯಲ್ಲಿ ರಂಗಪ್ರಯೋಗಶಾಲೆ ನಡೆಯುತ್ತಿದೆ. ವಿಶ್ವವಿದ್ಯಾಲಯಗಳಲ್ಲಿ ನಾಟಕ ವಿಭಾಗಗಳಿವೆ. ಇವೆಲ್ಲ ದೊಡ್ಡವರಾದ ಮೇಲಿನ ಓದು. ಈ ಕಡೆ, ರಂಗಾಯಣದ ಚಿಣ್ಣರ ಮೇಳದಂಥ ಬೇಸಿಗೆ ಶಿಬಿರಗಳು ಚಿಕ್ಕ ಮಕ್ಕಳಿಗೆ. ನಡುವೆ ಹದಿನಾರು, ಹದಿನೇಳು, ಹದಿನೆಂಟರ ವಯಸ್ಸು ಎಂಬುದೊಂದು ಇದೆಯಲ್ಲ, ಆಗ ಏನೂ ಇಲ್ಲ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೆ ಅರ್ಜಿ ಹಾಕಬೇಕಾದರೆ ಪದವಿಯ ಜೊತೆಗೆ ಕನಿಷ್ಠ ಆರು ನಾಟಕಗಳಲ್ಲಿ ತೊಡಗಿಕೊಂಡ ಅನುಭವ ಇರಬೇಕು ಎಂಬ ನಿಯಮವಿದೆ. ಆ ಆರು ನಾಟಕಗಳನ್ನು ನಮ್ಮ ತಾಲ್ಲೂಕಿನ ಹುಡುಗಿ ಎಲ್ಲಿ ಆಡಬೇಕು?

ಹುಡುಗಿ ಎಂದು ಬೇಕೆಂದೇ ಬರೆದಿದ್ದೇನೆ. ಅವರೆಕಾಯಿ ಸುಲಿದವಳ ಮಾತು ಇನ್ನೂ ಮುಗಿದಿಲ್ಲ. ಅದೇ ವರ್ಷ ಆ ದೃಶ್ಯವನ್ನು ಬೆಳೆಸಿ ಒಂದು ಪುಟ್ಟ ನಾಟಕ ಮಾಡೋಣ ಎಂದು ಹೊರಟೆವು. ಪಾಠದ ವೇಳೆಯಲ್ಲಿ ಅಭ್ಯಾಸಕ್ಕೆ ಅವಕಾಶವಿಲ್ಲ, ನಾಲ್ಕು ಗಂಟೆಯ ಮೇಲೆ ಮಾಡಿಕೊಳ್ಳಿ ಎಂದರು. ಅವಳ ಊರಿಗೆ ಕೊನೆಯ ಬಸ್ಸು ನಾಲ್ಕೂವರೆಗೆ. ಮೊದಲ ದಿನ ಹತ್ತು ನಿಮಿಷ ಇದ್ದು ಓಡಿದಳು. ಎರಡನೆಯ ದಿನ ಬಸ್ಸು ತಪ್ಪಿತು. ಅಣ್ಣ ಬೈಕಿನಲ್ಲಿ ಬಂದು ಕರೆದುಕೊಂಡು ಹೋದ, ಒಂದು ಮಾತೂ ಆಡದೆ. ಮೂರನೆಯ ದಿನ ಅವಳ ಅಮ್ಮ ಬಂದರು. ಜಗಳವಾಡಲಿಲ್ಲ. “ಇದು ಪರೀಕ್ಷೆಗೆ ಬರುತ್ತದೆಯೇ, ಮೇಡಮ್ಮ? ಬರುವುದಾದರೆ ಹೇಗಾದರೂ ಮಾಡಿ ಕಳಿಸುತ್ತೇನೆ. ಅವಳಪ್ಪನಿಗೂ ನಾನೇ ಹೇಳುತ್ತೇನೆ” ಎಂದರು. ಬರುವುದಿಲ್ಲ ಎಂದೆ. ಬೇರೆ ಏನು ಹೇಳಲಿ? ಆ ಪಾತ್ರವನ್ನು ಹಾಸ್ಟೆಲಿನ ಹುಡುಗನೊಬ್ಬ ಸೀರೆ ಉಟ್ಟು ಮಾಡಿದ. ಜನ ಚೆನ್ನಾಗಿ ನಕ್ಕರು. ಆ ದೃಶ್ಯದಲ್ಲಿ ನಗುವಂಥದ್ದೇನೂ ಇರಲಿಲ್ಲ.

ನಾಟಕವನ್ನು ಪಠ್ಯೇತರ ಚಟುವಟಿಕೆ ಎಂದು ಕರೆದಾಗ ಆಗುವುದು ಇದೇ. ಪಠ್ಯೇತರ ಎಂದರೆ ನಮ್ಮಲ್ಲಿ ನಾಲ್ಕು ಗಂಟೆಯ ಮೇಲೆ ಎಂದರ್ಥ, ಮತ್ತು ನಾಲ್ಕು ಗಂಟೆಯ ಮೇಲಿನದೆಲ್ಲ ಊರೊಳಗೆ ಮನೆಯಿರುವವರಿಗೆ, ಸೈಕಲ್ಲು ಬೈಕು ಇರುವವರಿಗೆ, ಹೆಚ್ಚಾಗಿ ಗಂಡುಮಕ್ಕಳಿಗೆ. ವೇಳಾಪಟ್ಟಿಯಲ್ಲಿ ಸೋಮವಾರ ಎರಡನೆಯ ಪೀರಿಯಡ್ ‘ನಾಟಕ’ ಎಂದು ಅಚ್ಚಾಗಿದ್ದರೆ ಆ ತಾಯಿ ನನ್ನನ್ನು ಕೇಳಲೇಬೇಕಿರಲಿಲ್ಲ.

ಹೊಸತಾಗಿ ಬಾಗಿಲು ಕೊರೆಯಬೇಕಾದ ಅಗತ್ಯವೂ ಇಲ್ಲ. ದ್ವಿತೀಯ ಪಿಯುಸಿಯ ಪರೀಕ್ಷಾ ವೇಳಾಪಟ್ಟಿಯಲ್ಲಿ ಹಿಂದೂಸ್ತಾನಿ ಸಂಗೀತ ಬಹಳ ಕಾಲದಿಂದ ಒಂದು ವಿಷಯವಾಗಿ ಇದೆ. ಅದರ ಜೊತೆಗೆ ಮಾಹಿತಿ ತಂತ್ರಜ್ಞಾನ, ರಿಟೈಲ್, ಆಟೊಮೊಬೈಲ್, ಹೆಲ್ತ್ ಕೇರ್, ಬ್ಯೂಟಿ ಅಂಡ್ ವೆಲ್‌ನೆಸ್ ಬಂದಿವೆ. ಮುಖಕ್ಕೆ ಬಣ್ಣ ಹಚ್ಚುವ ವಿದ್ಯೆಗೆ ಪರೀಕ್ಷೆ ಇದೆ, ಹಚ್ಚಿಕೊಂಡ ಮೇಲೆ ಏನು ಮಾಡಬೇಕೆಂಬ ವಿದ್ಯೆಗೆ ಇಲ್ಲ. ಆ ಓದುಗಳನ್ನು ಹೀಗಳೆಯುತ್ತಿಲ್ಲ; ಅವು ಒಳಗೆ ಬಂದ ದಾರಿಯಲ್ಲೇ ನಾಟಕವೂ ಬರಲಿ ಎನ್ನುತ್ತಿದ್ದೇನೆ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ ಎಂಬ ನಾಲ್ಕರ ಸಂಯೋಜನೆಯಲ್ಲಿ ಒಂದರ ಬದಲಿಗೆ ನಾಟಕ ಎಂದು ಆಯ್ದುಕೊಳ್ಳುವಂತಾದರೆ ಸಾಕು. ಕಲೆ ಮತ್ತು ವಿಜ್ಞಾನದ ನಡುವೆ, ಪಠ್ಯ ಮತ್ತು ಪಠ್ಯೇತರದ ನಡುವೆ ಗೋಡೆ ಇರಬಾರದು ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿತು. ಆ ನೀತಿಯ ಬಗ್ಗೆ ನಮ್ಮ ರಾಜ್ಯಕ್ಕೆ ತಕರಾರುಗಳಿವೆ, ನನಗೂ ಇವೆ. ಈ ಒಂದು ಮಾತಿನ ಬಗ್ಗೆ ಯಾರಿಗೂ ತಕರಾರು ಇದ್ದಂತಿಲ್ಲ. ಆದರೂ ಗೋಡೆ ಇದ್ದಲ್ಲೇ ಇದೆ.

ಅಂಕ ಕೊಡುವುದು ಹೇಗೆ ಎಂದು ನೀವು ಕೇಳುತ್ತೀರಿ. ಕೇಳಬೇಕಾದದ್ದೇ. ಬೇರೆಯವರು ಇದನ್ನು ಆಗಲೇ ಮಾಡಿ ನೋಡಿದ್ದಾರೆ. ಪಕ್ಕದ ಶ್ರೀಲಂಕಾದಲ್ಲಿ ನಮ್ಮ ಪಿಯುಸಿಗೆ ಸಮನಾದ ಅಡ್ವಾನ್ಸ್ಡ್ ಲೆವೆಲ್ ಪರೀಕ್ಷೆಯಲ್ಲಿ ‘ನಾಟಕ ಮತ್ತು ರಂಗಕಲೆ’ ಒಂದು ವಿಷಯ. ಸಿಂಹಳದಲ್ಲೂ ಬರೆಯಬಹುದು, ತಮಿಳಿನಲ್ಲೂ ಬರೆಯಬಹುದು. ಇಂಗ್ಲೆಂಡಿನ ಎ ಲೆವೆಲ್‌ನಲ್ಲಿ ನೂರಕ್ಕೆ ನಲವತ್ತು ಲಿಖಿತ ಪರೀಕ್ಷೆಗೆ, ಅರವತ್ತು ರಂಗದ ಕೆಲಸಕ್ಕೆ. ವಿದ್ಯಾರ್ಥಿಗಳು ತಾವೇ ಒಂದು ನಾಟಕ ಕಟ್ಟಬೇಕು. ಕಟ್ಟುತ್ತಾ ಹೋದಂತೆ ಏನು ಯೋಚಿಸಿದೆವು, ಏನನ್ನು ಬಿಟ್ಟೆವು, ಯಾಕೆ ಬಿಟ್ಟೆವು ಎಂದು ಬರೆದಿಡಬೇಕು. ಒಂದು ಸಿದ್ಧ ಕೃತಿಯ ಭಾಗವನ್ನು ಪ್ರದರ್ಶಿಸಬೇಕು. ತಾವು ನೋಡಿದ ಒಂದು ರಂಗಪ್ರದರ್ಶನವನ್ನು ಲಿಖಿತ ಪರೀಕ್ಷೆಯಲ್ಲಿ ವಿಮರ್ಶಿಸಬೇಕು. ನನಗೆ ಬಹಳ ಮೆಚ್ಚಿಗೆಯಾದ ಸಂಗತಿ ಇನ್ನೊಂದು: ನಟಿಸಲು ಒಲ್ಲದ ವಿದ್ಯಾರ್ಥಿ ಬೆಳಕು, ಧ್ವನಿ, ಉಡುಪು ಅಥವಾ ರಂಗಸಜ್ಜಿಕೆಯ ವಿನ್ಯಾಸವನ್ನು ಆರಿಸಿಕೊಂಡು ಅದರಲ್ಲೇ ಅಂಕ ಪಡೆಯಬಹುದು. ಎಲೆಕ್ಟ್ರಿಷಿಯನ್ ಮಗ ಲೈಟಿನಲ್ಲಿ, ದರ್ಜಿಯ ಮಗಳು ಉಡುಪಿನಲ್ಲಿ. ಬೆಂಗಳೂರಿನ ಕೆಲವು ಅಂತರರಾಷ್ಟ್ರೀಯ ಶಾಲೆಗಳಲ್ಲಿ ಐಬಿ ಎಂಬ ಅಂತರರಾಷ್ಟ್ರೀಯ ಪಠ್ಯಕ್ರಮದ ಅಡಿಯಲ್ಲಿ ನಾಟಕ ಓದುವ ಹದಿನೇಳರ ಮಕ್ಕಳು ಇದೇ ಬಗೆಯ ಕೆಲಸ ಮಾಡುತ್ತಿದ್ದಾರೆ. ಅವರ ಒಂದು ವರ್ಷದ ಶುಲ್ಕದಲ್ಲಿ ನಮ್ಮೂರಿನಲ್ಲಿ ಕುರುಕ್ಷೇತ್ರವನ್ನು ಎಷ್ಟು ಸಲ ಆಡಿಸಬಹುದೋ ಲೆಕ್ಕ ಹಾಕಲು ಹೋಗಲಿಲ್ಲ.

ನಮ್ಮ ಪಠ್ಯ ಅವರದರ ನಕಲಾಗಬೇಕಿಲ್ಲ. ಅವರಿಗೆ ಸ್ಟಾನಿಸ್ಲಾವ್‌ಸ್ಕಿ, ಬ್ರೆಕ್ಟ್ ಎಂಬ ರಂಗಗುರುಗಳು ಇದ್ದರೆ ನಮಗೂ ಅವರಿರಲಿ, ಜೊತೆಗೆ ಮೂಡಲಪಾಯ, ಪಡುವಲಪಾಯ ಯಕ್ಷಗಾನ, ಶ್ರೀಕೃಷ್ಣ ಪಾರಿಜಾತ, ತೊಗಲುಗೊಂಬೆ, ಕಂಪನಿ ನಾಟಕ, ಕೈಲಾಸಂ, ಶ್ರೀರಂಗ ಇರಲಿ. ಬೀದರಿನ ಮಗು, ಕಾರವಾರದ ಮಗು ತನ್ನ ಸುತ್ತ ಇರುವ ಒಂದು ಆಟವನ್ನು ಹತ್ತಿರದಿಂದ ನೋಡಿ, ಆಡುವವರನ್ನು ಮಾತನಾಡಿಸಿ ದಾಖಲಿಸುವುದು ಮೊದಲ ವರ್ಷದ ಕೆಲಸವಾಗಲಿ. ಎರಡನೆಯ ವರ್ಷ ಒಂದು ನಾಟಕ ಕಟ್ಟಲಿ. ಪ್ರಶ್ನೆಪತ್ರಿಕೆಯ ಒಂದು ಮಾದರಿಯನ್ನು ನಾನೇ ಕೊಡುತ್ತೇನೆ. ಗಿರೀಶ ಕಾರ್ನಾಡರ ‘ತುಘಲಕ್’ ನಾಟಕದಲ್ಲಿ ಸುಲ್ತಾನ ಒಬ್ಬನೇ ಚದುರಂಗದ ಮಣೆಯ ಮುಂದೆ ಕೂತಿರುವಾಗ ಮಲತಾಯಿ ಬರುತ್ತಾಳೆ. ‘ಮಣೆಯನ್ನು ರಂಗದ ಯಾವ ಭಾಗದಲ್ಲಿ ಇಡುತ್ತೀರಿ? ಅವಳು ಬಂದದ್ದು ಅವನಿಗೆ ಮೊದಲು ಗೊತ್ತಾಗಬೇಕೋ, ಪ್ರೇಕ್ಷಕರಿಗೋ? ಕಾರಣ ಕೊಡಿ.’ ಆರು ಅಂಕ. ಇದಕ್ಕೆ ಗೈಡಿನಲ್ಲಿ ಉತ್ತರ ಸಿಗುವುದಿಲ್ಲ. ಸಿಕ್ಕರೂ ಎಲ್ಲರೂ ಅದನ್ನೇ ಬರೆದದ್ದು ತಿದ್ದುವವರ ಕಣ್ಣಿಗೆ ಬೀಳದೆ ಇರುವುದಿಲ್ಲ.

ಒಂದು ಎಚ್ಚರಿಕೆ. ಈಗ ಪ್ರಾಯೋಗಿಕ ಪರೀಕ್ಷೆ ಇಲ್ಲದ ವಿಷಯಗಳಿಗೆ 80 ಅಂಕ ಲಿಖಿತ, 20 ಆಂತರಿಕ. ಹೊಸ ವಿಷಯ ಯಾಕೆ, ನಾಟಕವನ್ನು ಕನ್ನಡದ ಆ 20ರೊಳಗೆ ಒಂದು ಪ್ರಾಜೆಕ್ಟ್ ಮಾಡಿಬಿಡೋಣ ಎಂದು ಯಾರಾದರೂ ಸಲಹೆ ಕೊಟ್ಟಾರು. ದಯವಿಟ್ಟು ಒಪ್ಪಬೇಡಿ. ಆಂತರಿಕ ಅಂಕ ಹೇಗೆ ಬೀಳುತ್ತದೆ ಎಂಬುದು ನನಗೂ ಗೊತ್ತು, ನಿಮಗೂ ಗೊತ್ತು. ಮಕ್ಕಳು ಬಣ್ಣದ ಹಾಳೆಗೆ ನಟರ ಚಿತ್ರ ಅಂಟಿಸಿ, ಸ್ಪೈರಲ್ ಬೈಂಡಿಂಗ್ ಮಾಡಿಸಿ ತರುತ್ತಾರೆ. ನಾವು ಇಪ್ಪತ್ತಕ್ಕೆ ಹತ್ತೊಂಬತ್ತು ಹಾಕುತ್ತೇವೆ. ಹೊರಗಿನ ಪರೀಕ್ಷಕರು ಬಂದು, ಕೂತು, ನಾಟಕ ನೋಡಿ ಅಂಕ ಕೊಡಬೇಕು. ಅದು ಆಗದಿದ್ದರೆ ಈ ಬೇಡಿಕೆಯನ್ನೇ ಕೈಬಿಡಿ. ಎಲ್ಲರಿಗೂ ಹತ್ತೊಂಬತ್ತು ಬರುವ ನಾಟಕದ ಪರೀಕ್ಷೆಗಿಂತ ಪರೀಕ್ಷೆಯೇ ಇಲ್ಲದ ನಾಟಕ ಮೇಲು.

ಕಲಿಸುವವರು ಯಾರು? ನೀನಾಸಮ್‌ನಿಂದ, ಸಾಣೇಹಳ್ಳಿಯಿಂದ, ರಂಗಾಯಣದಿಂದ, ವಿಶ್ವವಿದ್ಯಾಲಯಗಳಿಂದ ಕಲಿತು ಬಂದವರು ಪ್ರತಿ ಜಿಲ್ಲೆಯಲ್ಲೂ ಇದ್ದಾರೆ. ಸರ್ಕಾರಿ ಪ್ರೌಢಶಾಲೆಗಳಲ್ಲಿ ನಾಟಕ ಶಿಕ್ಷಕರಾಗಿ ಬೆರಳೆಣಿಕೆಯ ಕೆಲವರು ಆಗಲೇ ಕೆಲಸ ಮಾಡುತ್ತಿದ್ದಾರೆ. ಕೈಯಲ್ಲಿ ಪೆನ್ನು ಹಿಡಿದೇ ಪಾಠ ಮಾಡುವ ನನ್ನಂಥವರು ಅವರ ತರಗತಿಯಲ್ಲಿ ಒಂದು ವಾರ ಕೂತು ಬರಬೇಕು. ಉಳಿದವರಲ್ಲಿ ಬಹಳ ಮಂದಿ ಶಿಬಿರದಿಂದ ಶಿಬಿರಕ್ಕೆ ಅಲೆಯುತ್ತಿದ್ದಾರೆ, ಧಾರಾವಾಹಿಗಳಲ್ಲಿ ಪೊಲೀಸ್ ಪೇದೆಯ ಪಾತ್ರಕ್ಕೆ ಕಾಯುತ್ತಿದ್ದಾರೆ. ಜಾಗದ ಚಿಂತೆಯೂ ಬೇಡ. ಪ್ರೇಕ್ಷಾಗೃಹ, ಪರದೆ, ಸ್ಪಾಟ್‌ಲೈಟು ನಾನು ಕೇಳುತ್ತಿಲ್ಲ. ಬೆಂಚು ಸರಿಸಲು ಬರುವ ಒಂದು ಕೋಣೆ, ಒಂದು ಡಬ್ಬ ಸೀಮೆಸುಣ್ಣ, ಮತ್ತು ಗಲಾಟೆ ಎಂದು ಯಾರೂ ಬಂದು ಆಕ್ಷೇಪಿಸಬಾರದು ಎಂಬ ಒಂದು ಆದೇಶ ಸಾಕು.

ಉದ್ಯೋಗ? ಇತಿಹಾಸ ಓದಿದ ಎಲ್ಲರೂ ಇತಿಹಾಸಕಾರರಾದದ್ದನ್ನು ನಾನು ಕಂಡಿಲ್ಲ. ಈ ಪ್ರಶ್ನೆಗೆ ಇದಕ್ಕಿಂತ ಹೆಚ್ಚಿನ ಉತ್ತರ ಕೊಡುವ ಮನಸ್ಸಿಲ್ಲ.

ಆ ಹುಡುಗ ದ್ವಿತೀಯ ಪಿಯುಸಿ ಮುಗಿಸಲಿಲ್ಲ. ಇಂಗ್ಲಿಷ್ ಮತ್ತು ಅರ್ಥಶಾಸ್ತ್ರ ಉಳಿದುಕೊಂಡವು. ಈಗ ತರಕಾರಿ ಸಾಗಿಸುವ ಟೆಂಪೊ ಓಡಿಸುತ್ತಾನೆ. ಎರಡು ವರ್ಷದ ಹಿಂದೆ ಅವರ ಊರಿನ ನಾಟಕಕ್ಕೆ ಕರೆದಿದ್ದ, ಹೋಗಿದ್ದೆ. ಅವನು ಕರ್ಣ, ಪಾತ್ರಕ್ಕೆ ದುಡ್ಡು ಕಟ್ಟಿದ್ದ. ರಾತ್ರಿ ಎರಡು ಗಂಟೆಯ ಹೊತ್ತಿಗೆ, ಕುಂತಿ ಬಂದು ತಾನೇ ತಾಯಿ ಎಂದು ಹೇಳುವಾಗ, ಅವನು ಏನೂ ಮಾಡಲಿಲ್ಲ. ಕೈಯಲ್ಲಿದ್ದ ಬಿಲ್ಲನ್ನು ಮೆಲ್ಲಗೆ ನೆಲಕ್ಕೆ ಊರಿ ಅದರ ಮೇಲೆ ಭಾರ ಬಿಟ್ಟ, ಅಷ್ಟೆ. ಮೈಕಿನ ಮುಂದೆ ಕಿರುಚಾಡುವುದೇ ಅಭಿನಯ ಎಂದುಕೊಂಡಿದ್ದ ಜನ ಒಂದು ಗಳಿಗೆ ಸದ್ದಿಲ್ಲದೆ ಕೂತಿದ್ದರು. ನನ್ನ ಪಕ್ಕದಲ್ಲಿದ್ದ ಅಜ್ಜಿ ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿದ್ದರು.

ಕೊನೆಯದಾಗಿ ಒಂದು ವಿನಂತಿ. ಈ ಬೇಡಿಕೆಯನ್ನು ಪರಿಶೀಲಿಸಲು ನೀವು ಸಮಿತಿ ರಚಿಸುವುದಾದರೆ, ಪ್ರಾಧ್ಯಾಪಕರ ಜೊತೆಗೆ ಒಬ್ಬ ಲೈಟಿನವರನ್ನು, ಒಬ್ಬ ಪ್ರಸಾಧನದವರನ್ನು, ಹಳ್ಳಿಯ ಹಾರ್ಮೋನಿಯಂ ಮೇಷ್ಟ್ರೊಬ್ಬರನ್ನು ಸೇರಿಸಿಕೊಳ್ಳಿ. ನಮ್ಮಂಥವರೇ ತುಂಬಿಕೊಂಡರೆ ಪ್ರಶ್ನೆಪತ್ರಿಕೆಯಲ್ಲಿ ಮತ್ತೆ ‘ಯಾರು ಯಾರಿಗೆ ಹೇಳಿದರು’ ಎಂದೇ ಬರುತ್ತದೆ. ಮತ್ತು ಸಭೆಗಳನ್ನು ನಾಲ್ಕು ಗಂಟೆಯ ಒಳಗೇ ಮುಗಿಸಿ. ದೂರದ ಊರುಗಳಿಂದ ಬರುವವರಿಗೆ ಬಸ್ಸು ಸಿಗಬೇಕು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಕನ್ನಡ ಉಪನ್ಯಾಸಕಿ,
ತುಮಕೂರು ಜಿಲ್ಲೆ